ಅರ್ಧ ಹಲಗೆ, ಅರ್ಧ ಬಯಲು: ಅಟ್ಟಕ್ಕೆ ರಾಕ್‌ವೂಲ್ ಹಾಸಿಸಿದ ಅನುಭವ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಮೇಗರವಳ್ಳಿಗಿಂತ ಮೊದಲೇ ಒಳಕ್ಕೆ ಇಳಿದರೆ ಸಿಗುವ ಮಂಗಳೂರು ಹೆಂಚಿನ ಹಳೆಯ ಮನೆ. ನಡುಮನೆಯ ಮೇಲಿನ ಅಟ್ಟಕ್ಕೆ ಅಜ್ಜನ ಕಾಲದಲ್ಲೇ ಹಲಸಿನ ಹಲಗೆ ಹಾಸಿದ್ದಾರೆ. ಸುಮಾರು 240 ಚದರಡಿಯ ಆ ಜಾಗದಲ್ಲಿ ಒಣಗಿದ ಅಡಿಕೆಯ ಮೂಟೆ, ಹಳೆಯ ಕಂಚಿನ ಪಾತ್ರೆ, ಮದುವೆ ಮುಂಜಿಗೆ ಮಾತ್ರ ಇಳಿಯುವ ಜಮಖಾನೆ ಇರುತ್ತವೆ. ಉಳಿದ 400 ಚದರಡಿ, ಅಂದರೆ ಎರಡು ಮಲಗುವ ಕೋಣೆಗಳು ಮತ್ತು ಒಂದು ಓದುವ ಕೋಣೆಯ ಮೇಲೆ, ಹಲಗೆಯಿಲ್ಲದೆ ಬರಿಯ ಜಂತಿಗಳಿದ್ದು, ಅವುಗಳ ಅಡಿಗೆ ಹದಿನೈದು ವರ್ಷದ ಹಿಂದೆ ತೆಳು ಪ್ಲೈವುಡ್ಡಿನ ಸೀಲಿಂಗ್ ಹೊಡೆಸಿದ್ದೆವು. ಈ ಅರ್ಧ ಹಲಗೆ, ಅರ್ಧ ಬಯಲು ಅಟ್ಟಕ್ಕೆ ಕಳೆದ ಫೆಬ್ರುವರಿಯಲ್ಲಿ ಶಿವಮೊಗ್ಗದ ಒಂದು ಸಂಸ್ಥೆಯವರಿಂದ ರಾಕ್‌ವೂಲ್ ಎಂಬ ಕಲ್ಲಿನ ಉಣ್ಣೆಯ ಶಾಖನಿರೋಧಕ ಪದರ ಹಾಸಿಸಿದೆ. ಒಂದು ಬೇಸಿಗೆ ಮತ್ತು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ, ಹಾಸಿದ ವಸ್ತುವಿನ ಬಗ್ಗೆಯೂ ಹಾಸಿದವರ ಕೆಲಸದ ಬಗ್ಗೆಯೂ ಬರೆಯುವಷ್ಟು ಅನುಭವವಾಗಿದೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅವರು ಮಾಡಿದ ತಪ್ಪನ್ನು ಈ ಕೆಲಸ ಮಾಡುವ ಬೇರೆ ಯಾರಾದರೂ ಮಾಡಬಹುದು ಎಂಬುದು ನನ್ನ ಅಂದಾಜು.

ಮಲೆನಾಡಿನಲ್ಲಿ ಶಾಖನಿರೋಧಕವೇಕೆ ಎಂದು ಕೇಳುವವರಿದ್ದಾರೆ. ನನ್ನ ತಮ್ಮನೇ ಕೇಳಿದ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆ ಪಕ್ಕದಲ್ಲೇ ಇರುವಾಗ ಸೆಕೆಯ ಮಾತೇನು ಎಂಬುದು ಅವನ ವಾದ. ಆದರೆ ಮಾರ್ಚ್ ಎರಡನೆಯ ವಾರದಿಂದ ಮೇ ಕೊನೆಯ ತನಕ, ಮಧ್ಯಾಹ್ನ ಒಂದರಿಂದ ಸಂಜೆ ಐದರವರೆಗೆ, ಬಿಸಿಲಿಗೆ ಕಾದ ಹೆಂಚಿನ ಅಡಿಯಲ್ಲಿ ಮಲಗಿ ನೋಡಿದವರಿಗೆ ಉತ್ತರ ಗೊತ್ತಿರುತ್ತದೆ. ಎಂಬತ್ತನಾಲ್ಕು ದಾಟಿದ ಅಮ್ಮ ಊಟವಾದ ಮೇಲೆ ಒಂದು ಗಳಿಗೆ ಮಲಗಬೇಕಾದದ್ದು ಇದೇ ಹೊತ್ತಿನಲ್ಲಿ. ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮೂರಕ್ಕೆ ಜಗಲಿಯ ನೆರಳಿನಲ್ಲಿ 34 ಡಿಗ್ರಿ ಇದ್ದಾಗ ಅಮ್ಮನ ಕೋಣೆಯಲ್ಲಿ 34.8 ಇತ್ತು, ಅಟ್ಟದಲ್ಲಿ 46. ಹೊರಗಿಗಿಂತ ಒಳಗೆ ಸೆಕೆ ಹೆಚ್ಚಿದ್ದರೆ ಆ ಸೆಕೆ ಮೇಲಿನಿಂದಲೇ ಇಳಿಯುತ್ತಿರಬೇಕು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಥರ್ಮಾಮೀಟರ್ ಮನೆಯಲ್ಲಿ ನಾಲ್ಕು ಇವೆ.

ಅಜ್ಜನ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ ಎಂದು ಅಮ್ಮ ಹೇಳುತ್ತಾರೆ, ಅದು ಬರಿಯ ಹಳೆಯ ಕಾಲದ ಹಂಬಲವಲ್ಲ. ನಡುಮನೆಯ ಹಲಗೆಯ ಮೇಲೆ ಆಗ ನಾಲ್ಕು ಅಂಗುಲ ದಪ್ಪಕ್ಕೆ ಮಣ್ಣು ಮೆತ್ತಿದ ಮುಚ್ಚಿಗೆ ಇತ್ತು. ಮಣ್ಣು ಶಾಖವನ್ನು ತಡೆಯುವುದು ಕಡಿಮೆ. ಲೆಕ್ಕ ಹಾಕಿದರೆ ನಾಲ್ಕು ಅಂಗುಲದ ಮಣ್ಣಿನ ತಡೆ ಒಂದು ಅಂಗುಲದ ಮರದ ಹಲಗೆಯಷ್ಟೂ ಬರುವುದಿಲ್ಲ. ಆದರೆ ಅದರ ತೂಕ ದೊಡ್ಡದು, ಹಾಗಾಗಿ ಅದು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಮಧ್ಯಾಹ್ನದ ಕಾವು ನಡುಮನೆಗೆ ಇಳಿಯುವ ಹೊತ್ತಿಗೆ ಸೂರ್ಯ ಮುಳುಗಿ, ಕಿಟಕಿಯಿಂದ ತಣ್ಣನೆಯ ಗಾಳಿ ಬರತೊಡಗಿರುತ್ತದೆ. ಮಾಡಿಗೆ (ಛಾವಣಿಗೆ) ಬೆಂಕಿ ಬಿದ್ದರೂ ಕೆಳಗಿನ ಮನೆ ಉಳಿಯಲಿ ಎಂಬುದು ಆ ಮಣ್ಣಿನ ಇನ್ನೊಂದು ಉದ್ದೇಶ. ವೈರಿಂಗ್ ಹೊಸದಾಗಿ ಮಾಡಿಸುವಾಗ, ವರಲೆ (ಗೆದ್ದಲು) ಹತ್ತುತ್ತದೆ, ಧೂಳು ಉದುರುತ್ತದೆ ಎಂದು ತಂದೆಯವರು ಅದನ್ನು ಬುಟ್ಟಿಗಟ್ಟಲೆ ತೆಗೆಸಿ ತೋಟಕ್ಕೆ ಹಾಕಿಸಿದರು. ಅಂದಿನಿಂದ ಹೆಂಚಿನ ಕಾವಿಗೂ ನಮ್ಮ ತಲೆಗೂ ನಡುವೆ ಒಂದು ಹಲಗೆ ಮಾತ್ರ ಉಳಿಯಿತು.

ಮಣ್ಣನ್ನೇ ಮತ್ತೆ ಹಾಕಿಸೋಣವೆಂದು ಮೊದಲು ಯೋಚಿಸಿದ್ದೆ. ಒಂದು ಚದರ ಮೀಟರಿಗೆ ನಾಲ್ಕು ಅಂಗುಲದ ಮಣ್ಣು ಸುಮಾರು 160 ಕಿಲೋ ತೂಗುತ್ತದೆ, ಹಳೆಯ ಜಂತಿಗಳಲ್ಲಿ ಎರಡಕ್ಕೆ ಆಗಲೇ ವರಲೆ ತಾಗಿತ್ತು. ಆ ಯೋಚನೆ ಅಲ್ಲಿಗೆ ನಿಂತಿತು.

ಸಂಸ್ಥೆಯವರು ನೋಡಲು ಬಂದಾಗ ಮೂರು ವಸ್ತುಗಳ ಮಾದರಿ ತಂದಿದ್ದರು. ಮೊದಲನೆಯದು ಎರಡೂ ಬದಿ ಬೆಳ್ಳಿಯ ಹಾಗೆ ಹೊಳೆಯುವ, ನಡುವೆ ಗಾಳಿಗುಳ್ಳೆಗಳಿರುವ ಫಾಯಿಲ್ ಹಾಳೆ. ಅವರ ಒತ್ತಾಯವೆಲ್ಲ ಇದರ ಮೇಲೇ ಇತ್ತು. ಸುರುಳಿ ಬಿಚ್ಚಿ ಹಾಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, 97 ಶೇಕಡಾ ಶಾಖ ಹಿಂದಕ್ಕೆ ಹೋಗುತ್ತದೆ ಎಂದರು. ಆ ಸಂಖ್ಯೆ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೊಳೆಯುವ ಅಲ್ಯೂಮಿನಿಯಂ ಹಿಂದಿರುಗಿಸುವುದು ವಿಕಿರಣದ ರೂಪದಲ್ಲಿ ಬರುವ ಶಾಖವನ್ನು ಮಾತ್ರ, ಅದೂ ಹೊಳೆಯುವ ಮುಖದ ಎದುರಿಗೆ ಒಂದು ಅಂಗುಲದಷ್ಟಾದರೂ ಖಾಲಿ ಜಾಗ ಇದ್ದಾಗ. ಅದರ ಮೇಲೆ ಮೂಟೆ ಇಟ್ಟರೆ, ಹಲಗೆ ಮುಚ್ಚಿದರೆ, ಶಾಖ ಮುಟ್ಟಿದಲ್ಲೆಲ್ಲ ನೇರವಾಗಿ ಹಾಯುತ್ತದೆ. ಆಗ ಅದು ಕೆಲವು ಮಿಲಿಮೀಟರಿನ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಅಟ್ಟದ ನೆಲಕ್ಕೆ ಹಾಸಿದ ಫಾಯಿಲ್ ಎಷ್ಟು ದಿನ ಹೊಳೆಯುತ್ತದೆ ಎಂಬುದು ಬೇರೆ ಪ್ರಶ್ನೆ. ಮಾದರಿಗೆಂದು ಬಿಟ್ಟುಹೋದ ತುಂಡನ್ನು ನಾನು ಜಂತಿಯ ಮೇಲೆ ಹರವಿ ಇಟ್ಟಿದ್ದೆ. ಅಡಿಕೆಯ ಧೂಳು, ಹೆಂಚಿನ ಪುಡಿ, ಹಲ್ಲಿಯ ಹಿಕ್ಕೆ ಬಿದ್ದು ಏಪ್ರಿಲ್ ಹೊತ್ತಿಗೆ ಅದು ಹಳೆಯ ಸ್ಟೀಲ್ ತಟ್ಟೆಯ ಹಾಗೆ ಮಂಕಾಗಿತ್ತು. ಪಕಾಸಿಗಳ (ಹೆಂಚು ಹೊರುವ ಇಳಿಜಾರು ಮರಗಳ) ಅಡಿಗೆ, ಹೊಳೆಯುವ ಮುಖ ಕೆಳಗೆ ಮಾಡಿ, ಹೆಂಚಿಗೂ ಅದಕ್ಕೂ ನಡುವೆ ಗಾಳಿ ಆಡುವಂತೆ ಹೊಡೆದರೆ ಅದು ಒಳ್ಳೆಯ ವಸ್ತುವೇ. ಕೆಳಮುಖದ ಮೇಲೆ ಧೂಳು ಕೂರುವುದಿಲ್ಲ. ಅಟ್ಟದ ನೆಲಕ್ಕೆ ಮಾತ್ರ ಅದು ಸಲ್ಲದು.

ಎರಡನೆಯದು ಥರ್ಮೋಕೋಲ್. ಅಗ್ಗ, ಹಗುರ, ಶಾಖ ತಡೆಯುವ ಗುಣವೂ ಕಡಿಮೆಯೇನಲ್ಲ. ಆದರೆ ಬೆಂಕಿ ಹಿಡಿಯುವ ವಸ್ತು, ಅದನ್ನು ನಮ್ಮಂತಹ ಮರದ ಅಟ್ಟಕ್ಕೆ ಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದಲ್ಲದೆ ಪಿವಿಸಿ ಹೊದಿಕೆಯ ವೈರು ಥರ್ಮೋಕೋಲಿಗೆ ತಾಗಿಕೊಂಡೇ ಇದ್ದರೆ, ಹೊದಿಕೆಯನ್ನು ಮೆದುವಾಗಿಡುವ ಅಂಶ ಕ್ರಮೇಣ ಥರ್ಮೋಕೋಲಿಗೆ ಇಳಿದು ವೈರಿನ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ನಮ್ಮ ಜಂತಿಗಳ ಮೇಲೆ ವೈರುಗಳು ಜೇಡನ ಬಲೆಯ ಹಾಗೆ ಓಡಿವೆ. ಇರುವೆಗಳಿಗೂ ಇಲಿಗಳಿಗೂ ಅದು ಕೊರೆಯಲು ಹೇಳಿ ಮಾಡಿಸಿದಂತಿರುತ್ತದೆ ಎಂಬುದನ್ನು ಹೆಚ್ಚು ಬೆಳೆಸಬೇಕಾಗಿಲ್ಲ.

ಮೂರನೆಯದು ರಾಕ್‌ವೂಲ್, ಅದನ್ನೇ ಆರಿಸಿದೆ. ಬಸಾಲ್ಟ್‌ನಂತಹ ಕಲ್ಲನ್ನೂ ಕಬ್ಬಿಣದ ಕುಲುಮೆಯ ಕಿಟ್ಟವನ್ನೂ ಸುಮಾರು 1,500 ಡಿಗ್ರಿಯಲ್ಲಿ ಕರಗಿಸಿ, ತಿರುಗುವ ಚಕ್ರಗಳ ಮೇಲೆ ಬಿಟ್ಟು ನೂಲಿನಂತೆ ಎಳೆದು, ಆ ಎಳೆಗಳನ್ನು ಒತ್ತಿ ಹಲಗೆಯಂತೆ ಮಾಡಿದ ವಸ್ತು ಇದು. ಬೆಂಕಿಗೆ ಹೊತ್ತಿಕೊಳ್ಳುವುದಿಲ್ಲ, ವರಲೆಗೆ ಆಹಾರವಲ್ಲ, ನೀರನ್ನು ತಾನಾಗಿ ಎಳೆದುಕೊಳ್ಳದಂತೆ ಎಣ್ಣೆಯ ಲೇಪವೂ ಇರುತ್ತದೆ. ಒಂದು ಮೀಟರ್ ಉದ್ದ, 600 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ದಪ್ಪ, ಘನಮೀಟರಿಗೆ 48 ಕಿಲೋ ಸಾಂದ್ರತೆಯ ಸ್ಲ್ಯಾಬುಗಳನ್ನು ತರಿಸಿದೆವು. ಇಡೀ 640 ಚದರಡಿಗೆ ಹಾಸಿದ ಸ್ಲ್ಯಾಬುಗಳೆಲ್ಲ ಸೇರಿ 145 ಕಿಲೋ ಆಸುಪಾಸು. ಅಜ್ಜ ಒಂದೇ ಒಂದು ಚದರ ಮೀಟರಿನ ಮೇಲೆ ಹೊರಿಸಿದ್ದ ಮಣ್ಣಿಗಿಂತ ಕಡಿಮೆ. ಈ ಲೆಕ್ಕ ಹೇಳಿದಾಗ ಅಮ್ಮ ನಂಬಲಿಲ್ಲ, ಒಂದು ಸ್ಲ್ಯಾಬನ್ನು ಎತ್ತಿ ನೋಡಿದ ಮೇಲೆ ನಂಬಿದರು.

50 ಮಿಲಿಮೀಟರ್ ಸಾಕೇ ಎಂಬ ಪ್ರಶ್ನೆಗೆ ಮಗನಿಂದಲೇ ತಕರಾರು ಬಂತು. ಅವನಿರುವುದು ಬ್ರಿಟನ್ನಿನಲ್ಲಿ, ಅಲ್ಲಿ ಅಟ್ಟಕ್ಕೆ 270 ಮಿಲಿಮೀಟರ್ ಉಣ್ಣೆ ಹಾಸಬೇಕೆಂಬ ಸಲಹೆ ಇದೆ. ಅವರದು ಒಳಗಿನ ಬಿಸಿಯನ್ನು ಹೊರಗೆ ಬಿಡದಿರುವ ಕಷ್ಟ, ಅದೂ ವರ್ಷದಲ್ಲಿ ಆರೇಳು ತಿಂಗಳು, ಒಳಗೂ ಹೊರಗೂ ಹತ್ತು ಹದಿನೈದು ಡಿಗ್ರಿ ಅಂತರವಿರುವಾಗ. ನಮ್ಮದು ಎರಡೂವರೆ ತಿಂಗಳ ಮಧ್ಯಾಹ್ನಗಳ ಕಷ್ಟ. ನಮ್ಮ ದೇಶದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ ಹೊಸ ವಸತಿ ಕಟ್ಟಡಗಳಿಗಾಗಿ ತಂದ ಇಕೋ ನಿವಾಸ್ ಸಂಹಿತೆಯ ಪ್ರಕಾರ, ಮಾಡಿನ ಒಂದು ಚದರ ಮೀಟರಿನ ಮೂಲಕ ಒಂದು ಡಿಗ್ರಿ ಅಂತರಕ್ಕೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹಾಯಬಾರದು. 50 ಮಿಲಿಮೀಟರ್ ರಾಕ್‌ವೂಲ್ ಒಂದು ಅಂಗುಲದ ಮರದ ಹಲಗೆಗಿಂತ ಏಳೆಂಟು ಪಟ್ಟು ಹೆಚ್ಚು ಶಾಖ ತಡೆಯುತ್ತದೆ. ಅದನ್ನು ಸರಿಯಾಗಿ ಹಾಸಿದರೆ ನಮ್ಮ ಸೀಲಿಂಗಿನ ಲೆಕ್ಕ 0.6ರ ಹತ್ತಿರ ಬರುತ್ತದೆ, ಅಂದರೆ ಸಂಹಿತೆ ಕೇಳುವುದರ ಅರ್ಧ. ಹಳೆಯ ಮನೆಗೆ ಆ ಸಂಹಿತೆ ಅನ್ವಯಿಸುವುದಿಲ್ಲವಾದರೂ ಅಳತೆಗೋಲಾಗಿ ಅದು ಚೆನ್ನಾಗಿದೆ. ಸರಿಯಾಗಿ ಹಾಸಿದರೆ ಎಂದೆನಲ್ಲ, ನನ್ನ ದೂರುಗಳೆಲ್ಲ ಇರುವುದು ಅಲ್ಲಿಯೇ.

ಬಯಲು ಭಾಗದ ಕೆಲಸ ಮೊದಲ ದಿನ ನಡೆಯಿತು, ಅದರ ಬಗ್ಗೆ ನನಗೆ ಬಹುಮಟ್ಟಿಗೆ ಸಮಾಧಾನವಿದೆ. ಬಂದ ನಾಲ್ವರು ಹುಡುಗರೂ ಉದ್ದ ತೋಳಿನ ಅಂಗಿ, ಕೈಗವಸು, ಮಾಸ್ಕ್ ಹಾಕಿಕೊಂಡೇ ಹತ್ತಿದರು. ಈ ಉಣ್ಣೆಯ ಎಳೆ ಚರ್ಮಕ್ಕೆ ತಾಗಿದರೆ ನಸುಗುನ್ನಿ ಕಾಯಿ ಮುಟ್ಟಿದ ಹಾಗೆ ತುರಿಸುತ್ತದೆ. ಇದು ಸಿಮೆಂಟು ಶೀಟಿನಲ್ಲಿರುವ ಆಸ್ಬೆಸ್ಟಾಸಿನ ಹಾಗೆ ಅಪಾಯವೇ ಎಂದು ನೆರೆಮನೆಯವರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಬೆಸ್ಟಾಸನ್ನು ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲಿಟ್ಟಿದೆ. ಮನೆಗೆ ಬಳಸುವ ಗಾಜಿನ ಉಣ್ಣೆಯನ್ನೂ ಕಲ್ಲಿನ ಉಣ್ಣೆಯನ್ನೂ 2001ರ ಮರುಪರಿಶೀಲನೆಯಲ್ಲಿ ಮೂರನೆಯ ಗುಂಪಿಗೆ, ಅಂದರೆ ಹಾಗೆ ವರ್ಗೀಕರಿಸಲು ಆಧಾರವಿಲ್ಲದ ಗುಂಪಿಗೆ, ಸೇರಿಸಿತು. ಹಾಗೆಂದು ಮೂಗು ಬಿಟ್ಟುಕೊಂಡು ಕೆಲಸ ಮಾಡಬಾರದು. ತುರಿಕೆಯಂತೂ ಖಂಡಿತ.

ನಮ್ಮ ಜಂತಿಗಳ ಅಂತರ ಒಂದೇ ಸಮನಾಗಿಲ್ಲ. ಒಂದು ಕಡೆ 22 ಅಂಗುಲ, ಇನ್ನೊಂದು ಕಡೆ 25. ಆ ಕಾಲದ ಬಡಗಿ ಮರ ಸಿಕ್ಕಿದ ಹಾಗೆ ಇಟ್ಟಿದ್ದಾನೆ. ಕಿರಿದಾದ ಕಡೆ ಸ್ಲ್ಯಾಬನ್ನು ಉದ್ದ ಚಾಕುವಿನಿಂದ, ಅಂತರಕ್ಕಿಂತ ಒಂದು ಸೆಂಟಿಮೀಟರ್ ಅಗಲವಾಗಿ ಕತ್ತರಿಸಿ, ಬಿಗಿಯಾಗಿ ಕೂರಿಸಿದರು. ಅಗಲವಾದ ಕಡೆ ಉಳಿದ ಸಂದಿಗೆ ಪಟ್ಟಿಗಳನ್ನು ತುಂಬಿದರು. ಕೈಬೆರಳಿನಷ್ಟು ಸಂದಿ ಉದ್ದಕ್ಕೂ ಬಿಟ್ಟರೂ ಕಾವು ಅಲ್ಲಿಂದಲೇ ಇಳಿಯುತ್ತದೆ. ಈ ತಾಳ್ಮೆಯ ಕೆಲಸವನ್ನು ಅವರ ಮೇಸ್ತ್ರಿ ಚೆನ್ನಾಗಿ ಕಲಿಸಿದ್ದಾರೆ. ಆದರೆ ವೈರುಗಳನ್ನು ಸ್ಲ್ಯಾಬಿನ ಅಡಿಗೇ ಹಾಕಿ ಮುಚ್ಚುತ್ತಿದ್ದುದನ್ನು ನಾನು ಏಣಿ ಹತ್ತಿ ನೋಡಿ ನಿಲ್ಲಿಸಬೇಕಾಯಿತು. ಕರೆಂಟು ಹರಿಯುವಾಗ ವೈರು ಬಿಸಿಯಾಗುತ್ತದೆ, ಆ ಬಿಸಿ ಹೊರಗೆ ಹೋಗಬೇಕು. ಸುತ್ತಲೂ ಉಣ್ಣೆ ಹೊದಿಸಿದ ವೈರು ಬಯಲಿನಲ್ಲಿ ಹೊರುವ ಕರೆಂಟಿನ ಸುಮಾರು ಅರ್ಧವನ್ನಷ್ಟೇ ಸುರಕ್ಷಿತವಾಗಿ ಹೊರಬಲ್ಲದು. ಗೀಸರಿನ ವೈರು ಆ ಸಾಲಿನಲ್ಲೇ ಇತ್ತು. ನಮ್ಮ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ವೈರುಗಳನ್ನೆಲ್ಲ ಜಂತಿಯ ತಲೆಯ ಮೇಲೆ ಕ್ಲಿಪ್ಪು ಹೊಡೆದು ಎತ್ತಿಸಿದ ಮೇಲೆ ಕೆಲಸ ಮುಂದುವರಿಯಿತು. ಸೀಲಿಂಗಿನಲ್ಲಿ ಹುದುಗಿಸಿದ ಎಲ್‌ಇಡಿ ದೀಪಗಳ ಸುತ್ತ ಒಂದು ಗೇಣು ಜಾಗ ಬಿಡುವುದು ಅವರಿಗೆ ಗೊತ್ತಿತ್ತು.

ಹಲಗೆ ಹಾಸಿದ ಭಾಗದಲ್ಲಿ ಎಡವಿದರು. ಬಯಲು ಭಾಗದಲ್ಲಿ ಸ್ಲ್ಯಾಬು ಜಂತಿಗಳ ನಡುವೆ ಕೂರುತ್ತದೆ, ಅದರ ಮೇಲೆ ಭಾರ ಬೀಳುವುದಿಲ್ಲ. ಹಲಗೆಯೇ ನಡುಮನೆಯ ಸೀಲಿಂಗೂ ಆಗಿರುವ ಕಡೆ ಉಣ್ಣೆ ಹಲಗೆಯ ಮೇಲೆಯೇ ಬರಬೇಕು, ಅದರ ಮೇಲೆ ಮತ್ತೆ ನಡೆಯಬೇಕು, ಮೂಟೆ ಇಡಬೇಕು. ಹಾಗಿದ್ದರೆ ಭಾರವನ್ನು ಉಣ್ಣೆ ಹೊರಬಾರದು, ಮರ ಹೊರಬೇಕು. ಹಲಗೆಯ ಮೇಲೆ ಜಂತಿಗೆ ಅಡ್ಡಲಾಗಿ ರೀಪು (ಮರದ ಪಟ್ಟಿ) ಹೊಡೆದು, ರೀಪುಗಳ ನಡುವೆ ಸ್ಲ್ಯಾಬು ಕೂರಿಸಿ, ರೀಪಿನ ಮೇಲೆ ಪ್ಲೈವುಡ್ ಹಾಕಬೇಕು. ಮಗ ಇರುವ ಊರಿನಲ್ಲಿ ಇದಕ್ಕೆಂದೇ ಪ್ಲಾಸ್ಟಿಕ್ ಕಾಲುಗಳು ಸಿಗುತ್ತವಂತೆ, ಅವುಗಳ ಮೇಲೆ ಹಲಗೆಯನ್ನು ಎತ್ತಿ ಕೂರಿಸುತ್ತಾರಂತೆ. ನಮಗೆ ಆ ಕಾಲುಗಳು ಬೇಡ, ನಮ್ಮ ಬಡಗಿಯ ರೀಪು ಸಾಕು. ಇದನ್ನೆಲ್ಲ ಕಾಗದದ ಮೇಲೆ ಬರೆದು ಕೊಟ್ಟಿದ್ದೆ. ಆದರೆ ಎರಡನೆಯ ದಿನ ನಾನು ಸೊಸೈಟಿಯ ಕೆಲಸಕ್ಕೆ ತೀರ್ಥಹಳ್ಳಿಗೆ ಹೋಗಿ ಬರುವಷ್ಟರಲ್ಲಿ, ಸ್ಲ್ಯಾಬುಗಳನ್ನು ಹಲಗೆಯ ಮೇಲೆ ಸಾಲಾಗಿ ಹಾಸಿ, ಅದರ ಮೇಲೆ ನೇರವಾಗಿ ಪ್ಲೈವುಡ್ ಹೊದಿಸಿ, ಅಂಚುಗಳಲ್ಲಿ ಮಾತ್ರ ರೀಪು ಹೊಡೆದಿದ್ದರು. "ಏನೂ ಆಗಲ್ಲ ಮೇಷ್ಟ್ರೇ, ಈ ಸ್ಲ್ಯಾಬು ಕಲ್ಲಿನದು" ಎಂದರು ಮೇಸ್ತ್ರಿ. ಕಲ್ಲಿನದು ಹೌದು, ಆದರೆ ಕಲ್ಲಲ್ಲ.

ನಾನು ಅಂದೇ ಬಿಚ್ಚಿಸಬೇಕಿತ್ತು, ಬಿಚ್ಚಿಸಲಿಲ್ಲ. ಹುಡುಗರು ಸಂಜೆಯ ಬಸ್ಸಿಗೆ ಅವಸರ ಮಾಡುತ್ತಿದ್ದರು, ನಾನೂ ಬಿಸಿಲಿನಲ್ಲಿ ಸೋತಿದ್ದೆ. ಅಡಿಕೆಯ ಮೂಟೆಗಳನ್ನು ಮತ್ತೆ ಮೇಲೇರಿಸಿದ ನಾಲ್ಕು ವಾರಕ್ಕೆ ಪ್ಲೈವುಡ್ಡಿನ ನಡುಭಾಗ ತೊಟ್ಟಿಲಿನಂತೆ ಬಗ್ಗಿತು. ಅಂಚಿನಲ್ಲಿ ಒಂದು ಕಡ್ಡಿ ತೂರಿಸಿ ಅಳೆದರೆ 50 ಮಿಲಿಮೀಟರ್ ಇದ್ದದ್ದು ಮೂಟೆಯ ಅಡಿಯಲ್ಲಿ 30ಕ್ಕೆ ಇಳಿದಿತ್ತು. ಉಣ್ಣೆ ಶಾಖ ತಡೆಯುವುದು ತನ್ನೊಳಗೆ ಹಿಡಿದಿಟ್ಟ ಅಲುಗದ ಗಾಳಿಯಿಂದ. ಒತ್ತಿದರೆ ಹೊರಗೆ ಹೋಗುವುದು ಆ ಗಾಳಿಯೇ. ದಪ್ಪ ಐದರಲ್ಲಿ ಎರಡು ಪಾಲು ಕಡಿಮೆಯಾದರೆ ತಡೆಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಇದರ ಜೊತೆಗೆ ಹಳೆಯ ಹಲಗೆಗಳ ಸಂದಿಯಿಂದ ನಡುಮನೆಯ ಮಣೆಯ ಮೇಲೆ, ಒಂದೆರಡು ಸಲ ಊಟದ ಎಲೆಯ ಪಕ್ಕಕ್ಕೆ, ಸೂಕ್ಷ್ಮವಾದ ಎಳೆ ಉದುರತೊಡಗಿತು. ಅಡಿಗೆ ಒಂದು ಬಟ್ಟೆ ಹಾಸಬೇಕೆಂಬುದು ಅವರಿಗೂ ಹೊಳೆದಿರಲಿಲ್ಲ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೂ.

ಫೋನು ಮಾಡಿದಾಗ ಮೊದಲ ಎರಡು ಸಲ "ಮುಂದಿನ ವಾರ" ಎಂಬ ಉತ್ತರ ಬಂತು. ಮೂರನೆಯ ಸಲ ಫೋಟೋ ಕಳಿಸಿದೆ, ಹಾಗೆಯೇ ಬಾಕಿಯ ವಿಷಯವನ್ನೂ ನೆನಪಿಸಿದೆ. ಒಪ್ಪಂದ ಮಾಡುವಾಗಲೇ ಹತ್ತನೆಯ ಒಂದು ಪಾಲನ್ನು ಮಳೆಗಾಲ ಮುಗಿದ ಮೇಲೆ ಕೊಡುವುದೆಂದು ಬರೆಸಿಕೊಂಡಿದ್ದೆ. ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು. ಏಪ್ರಿಲ್ ಮೊದಲ ವಾರ ಮೇಸ್ತ್ರಿ ತಾವೇ ಇಬ್ಬರನ್ನು ಕರೆದುಕೊಂಡು ಬಂದರು. ಬಂದವರು ವಾದ ಮಾಡಲಿಲ್ಲ. ಪ್ಲೈವುಡ್ ಬಿಚ್ಚಿ, ಹಲಗೆಯ ಮೇಲೆ ಗಾಳಿಯಾಡುವ ತೆಳು ಬಟ್ಟೆ ಹಾಸಿ, ಎರಡೂವರೆ ಅಂಗುಲ ಎತ್ತರದ ರೀಪುಗಳನ್ನು ಎರಡೆರಡು ಅಡಿಗೆ ಹೊಡೆದು, ಒತ್ತಿಹೋದ ಸ್ಲ್ಯಾಬುಗಳಲ್ಲಿ ಆರನ್ನು ಬದಲಾಯಿಸಿ, ಉಣ್ಣೆಗೂ ಪ್ಲೈವುಡ್ಡಿಗೂ ನಡುವೆ ಅರ್ಧ ಅಂಗುಲ ಬಿಟ್ಟು ಮುಚ್ಚಿದರು. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸೋಣವೇ ಎಂದು ಕೇಳಿದರು, ನಾನು ಬೇಡವೆಂದೆ. ಮಂಗಗಳು ವರ್ಷಕ್ಕೆ ಹತ್ತು ಹೆಂಚನ್ನಾದರೂ ಒಡೆಯುವ ಊರು ಇದು. ಸೋರಿದ ನೀರು ಪ್ಲಾಸ್ಟಿಕ್ಕಿನ ಮೇಲೆ ನಿಂತರೆ ಗೊತ್ತಾಗುವುದೇ ಇಲ್ಲ, ಅಡಿಯ ತೇವ ಆರುವುದೂ ಇಲ್ಲ. ಬಟ್ಟೆಯಾದರೆ ಹಲಗೆಯಲ್ಲಿ ಕಲೆ ಮೂಡಿ ಸೋರುವ ಜಾಗ ತಿಳಿಯುತ್ತದೆ. ರೀಪಿನ ಮರಕ್ಕೆ ₹3,200 ನಾನು ಕೊಟ್ಟೆ, ಕೂಲಿಯನ್ನು ಅವರು ಕೇಳಲಿಲ್ಲ.

ಎರಡನೆಯ ದೂರು ಬೆಳಕಿಗೆ ಬಂದದ್ದು ಆರಿದ್ರಾ ಮಳೆಯಲ್ಲಿ. ಹಿಂದಿನ ಕೋಣೆಯಲ್ಲಿ ಬೂಷ್ಟಿನ ವಾಸನೆ ಬರುತ್ತಿದೆ ಎಂದು ಅಮ್ಮ ಎರಡು ದಿನ ಹೇಳಿದರು. ಮಲೆನಾಡಿನ ಜುಲೈನಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಎಂದು ನಾನು ತಲೆಕೆಡಿಸಿಕೊಳ್ಳಲಿಲ್ಲ. ಮೂರನೆಯ ದಿನ ಟಾರ್ಚ್ ಹಿಡಿದು ಹತ್ತಿ ನೋಡಿದರೆ, ಸೂರಿನ ಕಡೆಯ ಕೊನೆಯ ಸ್ಲ್ಯಾಬುಗಳನ್ನು ಕತ್ತರಿಸುವ ಶ್ರಮ ಉಳಿಸಲು ಹೆಂಚಿನ ಅಂಚಿನ ತನಕ ತುರುಕಿದ್ದರು. ಹೆಂಚಿನ ಮನೆ ಉಸಿರಾಡುವುದೇ ಸೂರಿನ ಸಂದಿಯಿಂದ ಮತ್ತು ಹೆಂಚುಗಳ ನಡುವಿನ ಬಿರುಕಿನಿಂದ. ಸೂರಿನಲ್ಲಿ ಒಳಬಂದ ಗಾಳಿ ಮೇಲಿನ ಮೂಲೆಹೆಂಚಿನ ಕಡೆಗೆ ಏರುತ್ತಾ ಬೇಸಿಗೆಯಲ್ಲಿ ಕಾವನ್ನೂ ಮಳೆಗಾಲದಲ್ಲಿ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಆ ಬಾಯಿಗೇ ಉಣ್ಣೆ ತುಂಬಿದರೆ ಪಕಾಸಿಯ ತುದಿ ಒದ್ದೆಯಾಗಿಯೇ ಉಳಿಯುತ್ತದೆ, ಅಲ್ಲಿ ಮೊದಲು ಬೂಷ್ಟು, ಆಮೇಲೆ ವರಲೆ. ಎಂಟು ಪಕಾಸಿಗಳ ತುದಿಯಲ್ಲಿ ಬಿಳಿಯ ಬೂಷ್ಟು ಆಗಲೇ ಹಿಡಿದಿತ್ತು. ಆ ಜಡಿಮಳೆಯಲ್ಲಿ ಶಿವಮೊಗ್ಗದಿಂದ 60 ಕಿಲೋಮೀಟರಿಗೂ ಹೆಚ್ಚು ದೂರ ಯಾರೂ ಬರುವುದಿಲ್ಲ. ನಾನೂ ತೋಟಕ್ಕೆ ಬರುವ ಆಳು ಒಬ್ಬರೂ ಸೇರಿ ಸ್ಲ್ಯಾಬುಗಳನ್ನು ಎರಡು ಅಂಗುಲ ಹಿಂದಕ್ಕೆ ಎಳೆದು, ಇಲಿ ನುಗ್ಗದಷ್ಟು ಸಣ್ಣ ಕಣ್ಣಿನ ತಂತಿಬಲೆಯನ್ನು ಸೂರಿಗೆ ಹೊಡೆದೆವು. ಒಂದು ವಾರದಲ್ಲಿ ವಾಸನೆ ಹೋಯಿತು. ನಮ್ಮ ಕಡೆಯ ಅಟ್ಟಕ್ಕೆ ಏನನ್ನೇ ಹಾಸಿಸುವವರು ಶಾಖದ ಲೆಕ್ಕಕ್ಕಿಂತ ಮೊದಲು ನೀರಿನ ಮತ್ತು ಗಾಳಿಯ ಲೆಕ್ಕ ಹಾಕಬೇಕು. ಶಾಖದ ಲೆಕ್ಕದಲ್ಲಿ ತಪ್ಪಿದರೆ ಬೆವರುತ್ತೇವೆ. ತೇವದ ಲೆಕ್ಕ ತಪ್ಪಿದರೆ ಮರ ಹೋಗುತ್ತದೆ. ಬಯಲುಸೀಮೆಯ ಕೆಲಸದಲ್ಲಿ ಪಳಗಿದ ಹುಡುಗರಿಗೆ ಇದು ಅರ್ಥವಾಗುವುದಿಲ್ಲ, ಹೇಳಿದರೂ ನಗುತ್ತಾರೆ.

ಇಷ್ಟೆಲ್ಲ ಬೈದ ಮೇಲೆ ಫಲವನ್ನೂ ಹೇಳಬೇಕು. ಏಪ್ರಿಲ್ ಮಧ್ಯದಲ್ಲಿ, ಜಗಲಿಯಲ್ಲಿ ಮತ್ತೆ 34 ಡಿಗ್ರಿ ಇದ್ದ ಒಂದು ದಿನ ಅದೇ ಮೂರು ಗಂಟೆಗೆ ಅಳೆದೆ. ಅಟ್ಟದಲ್ಲಿ 47, ಅಮ್ಮನ ಕೋಣೆಯಲ್ಲಿ 31.9. ಅಟ್ಟ ಮೊದಲಿಗಿಂತ ಒಂದು ಡಿಗ್ರಿ ಹೆಚ್ಚೇ ಕಾದಿದೆ, ಏಕೆಂದರೆ ಕೆಳಗಿಳಿಯುತ್ತಿದ್ದ ಕಾವು ಈಗ ಮೇಲೆಯೇ ಉಳಿದಿದೆ. ಕೋಣೆಯಲ್ಲಿ ಸುಮಾರು ಮೂರು ಡಿಗ್ರಿ ಇಳಿದಿದೆ. ಮೂರು ಡಿಗ್ರಿ ಎಂದರೆ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ಸೀಲಿಂಗ್ ತಾನೇ ಬಿಸಿಯಾಗಿ ತಲೆಯ ಮೇಲೆ ಕಾವು ಸುರಿಯುತ್ತಿದ್ದುದು ನಿಂತಿದೆ. ಮೊದಲು ಪ್ಲೈವುಡ್ಡಿಗೆ ಕೈ ತಾಗಿಸಿದರೆ ಜ್ವರ ಬಂದವರ ಹಣೆಯ ಹಾಗಿರುತ್ತಿತ್ತು, ಈಗ ಗೋಡೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಫ್ಯಾನು ಈಗ ತಣ್ಣನೆಯ ಗಾಳಿ ಬೀಸುತ್ತದೆ ಎಂದು ಅಮ್ಮ ಹೇಳುವುದು ಇದನ್ನೇ. ಹಲಗೆಯ ಭಾಗ ಸರಿಯಾದ ಮೇಲೆ ನಡುಮನೆಯಲ್ಲೂ ಎರಡು ಡಿಗ್ರಿಗೂ ಹೆಚ್ಚು ಇಳಿಕೆ ಸಿಕ್ಕಿದೆ.

ಒಂದು ಎಚ್ಚರಿಕೆ ರಾತ್ರಿಯ ಬಗ್ಗೆ. ಹೆಂಚು ಬೇಗ ಕಾಯುವ ಹಾಗೆ ಬೇಗ ತಣಿಯುತ್ತದೆ, ಮೊದಲು ರಾತ್ರಿ ಎಂಟರ ಹೊತ್ತಿಗೆ ಕೋಣೆಯ ಕಾವು ಮೇಲಿನಿಂದ ಹೊರಟುಹೋಗುತ್ತಿತ್ತು. ಈಗ ಉಣ್ಣೆ ಎರಡೂ ದಿಕ್ಕಿಗೆ ತಡೆಯುವುದರಿಂದ ಕಿಟಕಿ ಮುಚ್ಚಿದ ಕೋಣೆಯಲ್ಲಿ ರಾತ್ರಿ ಹತ್ತಕ್ಕೂ 30 ಡಿಗ್ರಿ ಉಳಿದಿರುತ್ತದೆ, ಹೊರಗೆ ಆಗ 24ಕ್ಕೆ ಇಳಿದಿರುತ್ತದೆ. ಸಂಜೆ ಆರಕ್ಕೇ ಎದುರುಬದುರು ಕಿಟಕಿಗಳನ್ನು ತೆರೆದು ಬಿಡುವುದು ನಮ್ಮ ಮನೆಯಲ್ಲಿ ಈಗ ದೀಪ ಹಚ್ಚುವಷ್ಟೇ ನಿಯಮದ ಕೆಲಸ. ಕಿಟಕಿಗೆ ಸೊಳ್ಳೆಬಲೆ ಇಲ್ಲದವರು ಮೊದಲು ಅದನ್ನು ಹಾಕಿಸುವುದು ಒಳ್ಳೆಯದು.

ಮಳೆಯ ಸದ್ದು ಕಡಿಮೆಯಾದದ್ದು ನನಗೆ ಲಾಭ, ಅಮ್ಮನಿಗೆ ನಷ್ಟ. ಹೆಂಚಿನ ಮೇಲೆ ಬೀಳುವ ಸದ್ದಿನಿಂದಲೇ ಮಳೆಯ ದಿಕ್ಕು, ಜೋರು, ಎಲ್ಲಿ ತೊಟ್ಟಿಕ್ಕುತ್ತಿದೆ ಎಂಬುದನ್ನೆಲ್ಲ ಅವರು ಮಲಗಿದಲ್ಲೇ ಹೇಳುತ್ತಿದ್ದರು. ಈಗ ಏನೂ ಕೇಳುವುದಿಲ್ಲವೆಂದು ಬೇಸರ. ಮೊದಲೆಲ್ಲ ಸೋರಿಕೆ ಸೀಲಿಂಗಿನ ಮೇಲೆ ಟಪಟಪ ಎನ್ನುತ್ತಿತ್ತು, ಈಗ ಉಣ್ಣೆಯ ಮೇಲೆ ಸದ್ದಿಲ್ಲದೆ ಬೀಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಅಟ್ಟ ಹತ್ತಿ ನೋಡಲೇಬೇಕು. ಪುನರ್ವಸು ಮಳೆಯಲ್ಲಿ ಒಂದು ಹೆಂಚು ಜಾರಿ ಎರಡು ಸ್ಲ್ಯಾಬುಗಳು ನೆನೆದಿದ್ದವು. ಮೇಲ್ಪದರ ಮಾತ್ರ ಒದ್ದೆಯಾಗಿತ್ತು, ಬಚ್ಚಲ ಒಲೆಯ ಹತ್ತಿರ ನಾಲ್ಕು ದಿನ ನಿಲ್ಲಿಸಿ ಒಣಗಿಸಿ ಮತ್ತೆ ಹಾಕಿದೆವು.

ಅಡುಗೆಮನೆಯ ಮೇಲೆ ಏನನ್ನೂ ಹಾಸಿಲ್ಲ. ಕಟ್ಟಿಗೆ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಹೋಗುವ ಜಾಗ ಅದು, ಆ ಹೊಗೆಯಿಂದಲೇ ಅಲ್ಲಿನ ಮರಕ್ಕೆ ಇಂದಿಗೂ ವರಲೆ ಮುಟ್ಟಿಲ್ಲ. ಅಟ್ಟದ ಏಣಿಬಾಗಿಲನ್ನು ಸಂಸ್ಥೆಯವರು ಹಾಗೆಯೇ ಬಿಟ್ಟುಹೋಗಿದ್ದರು. ಅದರ ಬೆನ್ನಿಗೆ ಉಳಿದ ಸ್ಲ್ಯಾಬಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ನಾನೇ ಕಟ್ಟಿದ್ದೇನೆ. ಹಲಗೆಯ ಭಾಗ ಮುಗಿದು ಬಯಲು ಭಾಗ ಶುರುವಾಗುವಲ್ಲಿ ತೊಲೆಯ ಪಕ್ಕ ನಾಲ್ಕು ಅಂಗುಲದ ಖಾಲಿ ಜಾಗವೂ ಹಾಗೆಯೇ ಉಳಿದಿತ್ತು. ಇಂತಹ ಅರ್ಧರ್ಧ ಅಟ್ಟದಲ್ಲಿ ಕಣ್ಣು ತಪ್ಪುವುದು ಈ ಸೇರುವ ಗೆರೆಯಲ್ಲಿಯೇ.

ಖರ್ಚಿನ ವಿಷಯ. ಉಣ್ಣೆ, ಸಾಗಣೆ, ಕೂಲಿ ಎಲ್ಲ ಸೇರಿ ಚದರಡಿಗೆ ₹62ರಂತೆ ₹39,680, ಹಲಗೆಯ ಭಾಗದ ಪ್ಲೈವುಡ್ ಮತ್ತು ಮೊದಲ ಸಲದ ರೀಪಿಗೆ ₹18,400, ಒಟ್ಟು ₹58,080. ಆಮೇಲಿನ ರೀಪಿನ ₹3,200 ಬೇರೆ. ಕಡಿಮೆಯೇನಲ್ಲ. ಮೂಟೆ ಇಡುವ ಹಂಗಿಲ್ಲದವರು ಹಲಗೆಯ ಭಾಗಕ್ಕೆ ಪ್ಲೈವುಡ್ ಬಿಟ್ಟು, ಓಡಾಡಲು ಒಂದು ಹಲಗೆಯ ದಾರಿ ಮಾತ್ರ ಮಾಡಿಕೊಂಡರೆ ಹದಿನೈದು ಸಾವಿರದಷ್ಟು ಉಳಿಯುತ್ತದೆ. ವಸ್ತುವಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಕೆಲಸಕ್ಕೆ ಮೊದಲು ಎರಡು ಕೊಟ್ಟಿದ್ದೆ. ತಪ್ಪನ್ನು ತಿದ್ದಿದ ರೀತಿ ನೋಡಿ ಮೂರಕ್ಕೆ ಏರಿಸಿದ್ದೇನೆ.

ಬಾಕಿ ₹5,800 ತೆಗೆದುಕೊಳ್ಳಲು ಮೇಸ್ತ್ರಿ ಬಂದದ್ದು ದೀಪಾವಳಿಯ ಹಿಂದಿನ ವಾರ. ದುಡ್ಡು ಎಣಿಸಿಕೊಳ್ಳುವ ಮೊದಲು ಟಾರ್ಚ್ ಕೇಳಿ ಅಟ್ಟ ಹತ್ತಿದರು, ಸೂರಿನ ಕಡೆಯ ಮೂರು ಸ್ಲ್ಯಾಬುಗಳನ್ನು ಎತ್ತಿ ಅಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ನಾವು ಹೊಡೆದ ತಂತಿಬಲೆಯ ಫೋಟೋ ತೆಗೆದುಕೊಂಡರು. ಕೊಪ್ಪದ ಕಡೆ ಒಂದು ಮನೆಯ ಕೆಲಸ ಒಪ್ಪಿಕೊಂಡಿದ್ದಾರಂತೆ, ಅಲ್ಲಿಯೂ ಅರ್ಧ ಅಟ್ಟಕ್ಕೆ ಹಲಗೆ ಇದೆಯಂತೆ. "ರೀಪು ಎಷ್ಟು ಅಂಗುಲದ್ದು ಹಾಕಿದ್ವಿ ಮೇಷ್ಟ್ರೇ, ಎರಡೂವರೆ ಅಲ್ವಾ?" ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋದರು.